ಎಂಜಿನ್ ಇಡೀ ದಿನ ಓಡಿದರೂ ಬೋಟಿನ ಬ್ಯಾಟರಿ ಯಾಕೆ ತುಂಬಲ್ಲ: ಹಂತ ಹಂತವಾಗಿ ಸರಿಮಾಡುವ ದಾರಿ

ಮೀನುಗಾರಿಕೆ ರಜೆ ಜುಲೈ 31ಕ್ಕೆ ಮುಗಿಯುತ್ತದೆ. ಆಗಸ್ಟ್ ಎರಡನೇ ವಾರದಿಂದ ಮಲ್ಪೆ ಬಂದರಿನ ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಒಂದೇ ಥರದ ಮಾತು ಕೇಳಿಬರುತ್ತದೆ. "ಅಣ್ಣ, ಬ್ಯಾಟರಿ ಹೊಸದು. ಡೈನಮೋನೂ ಬದಲಿಸಿದ್ದೇವೆ. ಎಂಜಿನ್ ಇಡೀ ದಿನ ಓಡಿದೆ. ಆದ್ರೂ ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಟಕ್ ಅಂತ ಒಂದು ಸದ್ದು, ಅಷ್ಟೇ."

ಹೆಚ್ಚಿನ ಸಲ ಬ್ಯಾಟರಿಯೂ ಕೆಟ್ಟಿರುವುದಿಲ್ಲ, ಡೈನಮೋನೂ ಕೆಟ್ಟಿರುವುದಿಲ್ಲ. ಇವೆರಡರ ನಡುವೆ ಎಲ್ಲೋ ಅರ್ಧ ವೋಲ್ಟ್ ಕಳೆದುಹೋಗಿರುತ್ತದೆ. ಅದನ್ನು ಹುಡುಕದೆ ಸಾಮಾನು ಬದಲಿಸಿದರೆ ದುಡ್ಡು ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಮೊದಲು ಮಾಡಿದರೆ ಸಿಗುವ ಅಂಕಿಗೆ ಅರ್ಥ ಇರುವುದಿಲ್ಲ.

ಏಳನೇ ಹಂತ ಬಿಟ್ಟು ಇಲ್ಲಿರುವುದೆಲ್ಲ 12 ವೋಲ್ಟ್ ಲೆಕ್ಕ. ನಿಮ್ಮದು 24 ವೋಲ್ಟಿನ ಬೋಟಾದರೆ ಬ್ಯಾಟರಿ ಮತ್ತು ಡೈನಮೋದ ವೋಲ್ಟನ್ನು ಎರಡರಿಂದ ಗುಣಿಸಿ, ವೈರಿನಲ್ಲಿ ಅಥವಾ ಡಯೋಡಿನಲ್ಲಿ ಕಳೆಯುವ ವೋಲ್ಟನ್ನಲ್ಲ. ಇನ್ನೊಂದು ಮಾತು, ದಕ್ಕೆಯಲ್ಲಿ ಎಲ್ಲರೂ ಡೈನಮೋ ಅನ್ನುವುದು ಆಲ್ಟರ್ನೇಟರಿಗೇ. ನಾನೂ ಹಾಗೇ ಬರೆಯುತ್ತೇನೆ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಮಲ್ಟಿಮೀಟರ್, ಹೈಡ್ರೋಮೀಟರ್ (ಬ್ಯಾಟರಿ ಆಸಿಡ್ಡಿನ ಸಾಂದ್ರತೆ ಅಳೆಯುವುದು), ಸ್ಪ್ಯಾನರ್ ಸೆಟ್, ತಂತಿ ಬ್ರಷ್, ಉಪ್ಪುಕಾಗದ, ಡಿಸ್ಟಿಲ್ಡ್ ವಾಟರ್, ವ್ಯಾಸಲೀನ್, ಸ್ವಲ್ಪ ಅಡುಗೆ ಸೋಡಾ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್.

ಇದರ ಜೊತೆಗೆ ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಒಂದು ಕ್ಲಾಂಪ್ ಮೀಟರ್ ಬೇಕೇ ಬೇಕು. ಕೊಳ್ಳುವಾಗ ಅದು ಡಿಸಿ ಕರೆಂಟ್ ಅಳೆಯುತ್ತದಾ ಅಂತ ಕೇಳಿಯೇ ತಗೊಳ್ಳಿ. ಅಂಗಡಿಯಲ್ಲಿ ಸಿಗುವ ಅಗ್ಗದ ಕ್ಲಾಂಪ್ ಮೀಟರುಗಳಲ್ಲಿ ಹಲವು ಎಸಿ ಮಾತ್ರ ಅಳೆಯುತ್ತವೆ. ಬೋಟಿನ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ, ನೀವು ಸುಮ್ನೆ ಡೈನಮೋ ಬಿಚ್ಚುತ್ತೀರಿ.

ಕೈಯ ಉಂಗುರ, ಬಳೆ, ಕತ್ತಿನ ಸರ ತೆಗೆದಿಡಿ. ಸ್ಪ್ಯಾನರ್ ಮತ್ತು ಉಂಗುರ ಸೇರಿ ಬ್ಯಾಟರಿಯ ಎರಡು ತಲೆ ಮುಟ್ಟಿದರೆ ಬೆರಳು ಸುಟ್ಟುಹೋಗುತ್ತದೆ. ಎಂಜಿನ್ ರೂಮಿನ ಮುಚ್ಚಳ ತೆರೆದು ಗಾಳಿಯಾಡಲು ಬಿಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು ಶೇಕಡಾ 4 ಆದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಬೀಡಿ ಸಿಗರೇಟು ಅಲ್ಲಿ ಬೇಡ.

## ಹಂತ 1: ಬ್ಯಾಟರಿಗೆ ಚಾರ್ಜ್ ಹಿಡಿಯುವ ಶಕ್ತಿ ಇದೆಯಾ ನೋಡಿ

ಎಂಜಿನ್ ನಿಲ್ಲಿಸಿ, ಎಲ್ಲ ಲೈಟು ಆರಿಸಿ, ಆರು ಗಂಟೆಯಾದರೂ ಬಿಡಿ. ಆಮೇಲೆ ಬ್ಯಾಟರಿಯ ತಲೆಗಳ ಮೇಲೆ ಮೀಟರ್ ಇಡಿ. ವೈರಿನ ಲಗ್ (ತುದಿಗೆ ಒತ್ತಿದ ಲೋಹದ ಕೊಂಡಿ) ಮೇಲೆ ಅಲ್ಲ, ಸೀಸದ ತಲೆಯ ಮೇಲೆ.

12.6ರಿಂದ 12.7 ವೋಲ್ಟ್ ಇದ್ದರೆ ತುಂಬಿದೆ. 12.2ರ ಆಸುಪಾಸು ಅಂದರೆ ಅರ್ಧ. 11.8ಕ್ಕಿಂತ ಕೆಳಗೆ ಹೋದರೆ ಖಾಲಿ ಅಂತಲೇ ಲೆಕ್ಕ. ಎಂಜಿನ್ ನಿಲ್ಲಿಸಿದ ಕೂಡಲೇ ಅಳೆದರೆ 13 ವೋಲ್ಟ್ ಕೂಡ ತೋರಿಸಬಹುದು. ಅದು ನಿಜವಾದ ಅಂಕಿ ಅಲ್ಲ. ಇಲ್ಲೇ ಎಷ್ಟೋ ಜನ ಮೋಸಹೋಗುತ್ತಾರೆ.

ನೀರು ಹಾಕುವ ಬ್ಯಾಟರಿಯಾದರೆ ಆರು ಕುಳಿಯಲ್ಲೂ ಹೈಡ್ರೋಮೀಟರ್ ಹಾಕಿ. ಐದು ಕುಳಿ 1.240 ತೋರಿಸಿ ಒಂದು ಮಾತ್ರ 1.180 ತೋರಿಸಿದರೆ ಆ ಕುಳಿ ಸತ್ತಿದೆ. ಎಂಥ ಡೈನಮೋ ಹಾಕಿದರೂ ಆ ಬ್ಯಾಟರಿ ಏಳುವುದಿಲ್ಲ. ಆರೂ ಒಂದೇ ಸಮ ಕಡಿಮೆ ಇದ್ದರೆ ಅದು ಬರೀ ಹಸಿದಿದೆ, ದಕ್ಕೆಯ ಕರೆಂಟಿನಲ್ಲಿ ಪೂರ್ತಿ ಚಾರ್ಜ್ ಮಾಡಿ ಮತ್ತೆ ಅಳೆಯಿರಿ.

ಕೊನೆಗೆ ಸೆಲ್ಫ್ ಹೊಡೆಯುವಾಗ ಅಳೆಯಿರಿ. ಚಾರ್ಜ್ ಆದ ಬ್ಯಾಟರಿಯೂ ಆಗ 9.6 ವೋಲ್ಟಿಗಿಂತ ಕೆಳಗೆ ಬೀಳುತ್ತಿದ್ದರೆ ಬದಲಿಸುವ ಕಾಲ ಬಂದಿದೆ. ಬದಲಿಸುವುದಾದರೆ ಜೋಡಿಯಾಗಿ ಬದಲಿಸಿ. ಹಳೆಯದರ ಪಕ್ಕ ಹೊಸದನ್ನು ಕಟ್ಟಿದರೆ ಹಳೆಯದು ಹೊಸದನ್ನೂ ಎಳೆದುಕೊಂಡು ಹೋಗುತ್ತದೆ.

## ಹಂತ 2: ರಾತ್ರಿಯ ಖರ್ಚು ಬರೆದುಕೊಳ್ಳಿ

ಒಂದು ಕಾಗದದ ಕೆಲಸ. ಹತ್ತು ನಿಮಿಷ ಸಾಕು.

10 ವಾಟಿನ ನಾಲ್ಕು ಎಲ್‌ಇಡಿ ಅಂದರೆ 3.3 ಆಂಪ್, ಹತ್ತು ಗಂಟೆಗೆ 33 ಆಂಪ್-ಅವರ್ (ಆಂಪನ್ನು ಗಂಟೆಯಿಂದ ಗುಣಿಸಿದ್ದು). ನ್ಯಾವಿಗೇಶನ್ ಲೈಟುಗಳಿಗೆ 10. ಜಿಪಿಎಸ್ ಮತ್ತು ಫಿಶ್ ಫೈಂಡರ್ ಸೇರಿ 20. ಎರಡು ಫ್ಯಾನಿಗೆ 16. ವೈರ್‌ಲೆಸ್ಸಿಗೆ 5, ನೀರೆತ್ತುವ ಪಂಪಿಗೆ 4. ಒಟ್ಟು 88. ನಿಮ್ಮ ಬೋಟಿನದು ಬೇರೆ ಇರಬಹುದು, ಕ್ಲಾಂಪ್ ಹಾಕಿ ಅಳೆದು ಬರೆಯಿರಿ.

180 ಆಂಪ್-ಅವರ್ ಬ್ಯಾಟರಿಯಿಂದ ದಿನಾ ತೆಗೆಯಬಹುದಾದದ್ದು ಅರ್ಧ, ಅಂದರೆ 90. ಅಂದರೆ ಈ ಬೋಟು ಗಡಿಯಲ್ಲೇ ಇದೆ. ತೆಗೆದದ್ದನ್ನು ವಾಪಸ್ ತುಂಬಲು ಸುಮಾರು 104 ಹಾಕಬೇಕು, ಯಾಕೆಂದರೆ ಸೀಸದ ಬ್ಯಾಟರಿಯಲ್ಲಿ ಒಂದಷ್ಟು ಶಾಖವಾಗಿ, ಗ್ಯಾಸಾಗಿ ಹೋಗುತ್ತದೆ.

ಇನ್ನೊಂದು ವಿಷಯ ಇದೆ. ಬ್ಯಾಟರಿ ಮೊದಲ ಶೇಕಡಾ 80ರ ತನಕ ಬೇಗ ತುಂಬುತ್ತದೆ. ಆಮೇಲೆ ಅದೇ ಕರೆಂಟ್ ತಗೊಳ್ಳುವುದಿಲ್ಲ, ಚೂರು ಚೂರೇ ಕುಡಿಯುತ್ತದೆ. ಕೊನೆಯ ಶೇಕಡಾ 20ಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಬಲೆ ಬಿಟ್ಟು ರಾತ್ರಿಯಿಡೀ ಎಂಜಿನ್ ನಿಲ್ಲಿಸಿ ತೇಲುವ ಗಿಲ್‌ನೆಟ್ ಬೋಟು ಹೋಗಿಬರುವ ಮೂರು ಗಂಟೆಯಲ್ಲಿ ಎಂದಿಗೂ ಪೂರ್ತಿ ತುಂಬುವುದಿಲ್ಲ. ಅಂಥವರು ದಕ್ಕೆಗೆ ಬಂದಾಗ ಚಾರ್ಜರ್ ಹಾಕಬೇಕು, ಇಲ್ಲವೇ ಕ್ಯಾಬಿನ್ ಮೇಲೆ ಒಂದು ಸೋಲಾರ್ ಪ್ಯಾನೆಲ್ ಇಡಬೇಕು. ವಾರಗಟ್ಟಲೆ ಎಂಜಿನ್ ಓಡಿಸುವ ಟ್ರಾಲ್ ಬೋಟಿಗೆ ಸಮಯದ ಕೊರತೆ ಇಲ್ಲ. ಅದರ ಬ್ಯಾಟರಿ ತುಂಬುತ್ತಿಲ್ಲ ಅಂದರೆ ತಪ್ಪು ವೋಲ್ಟೇಜಿನಲ್ಲಿದೆ.

## ಹಂತ 3: ಡೈನಮೋ ನಿಜವಾಗಿ ಎಷ್ಟು ಕೊಡುತ್ತಿದೆ

ಡೈನಮೋ ಮೇಲೆ 65 ಆಂಪ್ ಅಂತ ಬರೆದಿದ್ದರೆ ಅದು ತಣ್ಣಗಿದ್ದು, ನಿಮಿಷಕ್ಕೆ 6000 ಸುತ್ತು ತಿರುಗುವಾಗಿನ ಮಾತು. ನಿಮ್ಮ ಎಂಜಿನ್ 1400ರಲ್ಲಿ ಓಡುತ್ತದೆ. ಎಂಜಿನ್ ಪುಲ್ಲಿ 160 ಮಿಮೀ, ಡೈನಮೋ ಪುಲ್ಲಿ 80 ಮಿಮೀ ಆದರೆ ಡೈನಮೋ ತಿರುಗುವುದು 2800. ಎಂಜಿನ್ ರೂಮಿನ ಸೆಕೆಯೂ ಸೇರಿ ಕೈಗೆ ಬರುವುದು 40 ಆಂಪಿನಷ್ಟು. ಇದು ದೋಷ ಅಲ್ಲ, ಲೆಕ್ಕ.

ಡೈನಮೋ ಪುಲ್ಲಿಯನ್ನು 60 ಮಿಮೀ ಮಾಡಿದರೆ ಅದೇ ಎಂಜಿನ್ ವೇಗಕ್ಕೆ 3700 ದಾಟುತ್ತದೆ. ಆದರೆ ಪುಲ್ಲಿ ಸಣ್ಣದಾದಷ್ಟೂ ಬೆಲ್ಟಿನ ಹಿಡಿತ ಕಡಿಮೆ. ಒಂದೇ ಸಣ್ಣ ವಿ-ಬೆಲ್ಟಿನ ಮೇಲೆ 75-80 ಆಂಪಿಗಿಂತ ಜಾಸ್ತಿ ಭಾರ ಹಾಕಬೇಡಿ. ದೊಡ್ಡ ಡೈನಮೋ ಹಾಕುವುದಾದರೆ ಅಗಲದ ಬೆಲ್ಟ್ ಅಥವಾ ಎರಡು ಬೆಲ್ಟ್ ಬೇಕು.

ಬೆಲ್ಟ್ ನೋಡುವುದು ಹೀಗೆ. ಎಂಜಿನ್ ನಿಂತಿರುವಾಗ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಒಂದು ಸೆಂಟಿಮೀಟರಿನಷ್ಟು ಬಗ್ಗಿದರೆ ಸರಿ. ಡೈನಮೋ ಕೆಳಗೆ ಕಪ್ಪು ರಬ್ಬರ್ ಪುಡಿ ಬಿದ್ದಿದ್ದರೆ ಬೆಲ್ಟ್ ಜಾರುತ್ತಿದೆ. ಬೆಲ್ಟ್ ಬದಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬಿಗಿ ಮಾಡಿ ಪ್ರಯೋಜನ ಇಲ್ಲ, ಬದಲಿಸಿ. ಅತಿ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ.

ಇತ್ತೀಚೆಗೆ ನೋಡುತ್ತಿರುವ ಒಂದು ವಿಚಿತ್ರ ತೊಂದರೆ ಹೇಳುತ್ತೇನೆ. ಪ್ಯಾನೆಲ್ಲಿನ ಕೆಂಪು ಚಾರ್ಜ್ ಬಲ್ಬ್ ಸುಟ್ಟಿತು ಅಂತ ಅದರ ಜಾಗಕ್ಕೆ ಎಲ್‌ಇಡಿ ಹಾಕುತ್ತಾರೆ. ಹಲವು ಡೈನಮೋಗಳಿಗೆ ಮೊದಲ ಚೈತನ್ಯ ಸಿಗುವುದೇ ಆ ಬಲ್ಬಿನ ಮೂಲಕ ಹರಿಯುವ ಕರೆಂಟಿನಿಂದ. ಎಲ್‌ಇಡಿಯಲ್ಲಿ ಹರಿಯುವುದು ಸಾಕಾಗುವುದಿಲ್ಲ, ಹಾಗಾಗಿ ಡೈನಮೋ ಏಳುವುದೇ ಇಲ್ಲ. ಎಂಜಿನ್ ಜೋರಾಗಿ ರೇಸ್ ಮಾಡಿದಾಗ ಮಾತ್ರ ಚಾರ್ಜ್ ಶುರುವಾಗುತ್ತದೆ ಅಂದರೆ ಮೊದಲು ಆ ಬಲ್ಬ್ ನೋಡಿ. 2-3 ವಾಟಿನ ಹಳೆಯ ಥರದ ಬಲ್ಬನ್ನೇ ಹಾಕಿ.

## ಹಂತ 4: ನಡುವೆ ಕಳೆದುಹೋದ ವೋಲ್ಟ್ ಹುಡುಕಿ

ಇಡೀ ಬರಹದಲ್ಲಿ ಒಂದೇ ಹಂತ ಮಾಡುವಷ್ಟು ಪುರುಸೊತ್ತು ಇದ್ದರೆ ಇದನ್ನು ಮಾಡಿ.

ಎಂಜಿನ್ ಕೆಲಸದ ವೇಗದಲ್ಲಿ ಓಡಲಿ. ಡೆಕ್ ಲೈಟು, ಪಂಪು, ಫ್ಯಾನು ಎಲ್ಲ ಹಾಕಿ. ಸ್ವಲ್ಪ ಖಾಲಿಯಾದ ಬ್ಯಾಟರಿ ಇರುವಾಗ ಮಾಡಿದರೆ ಇನ್ನೂ ಒಳ್ಳೆಯದು. ಕರೆಂಟ್ ಹರಿಯದೆ ಈ ಪರೀಕ್ಷೆಗೆ ಬೆಲೆ ಇಲ್ಲ. ಕ್ಲಾಂಪಿನಲ್ಲಿ 30-40 ಆಂಪ್ ಕಾಣಬೇಕು. ಬೆಲ್ಟಿನ ಹತ್ತಿರ ಅಂಗಿಯ ತೋಳು, ಮೀಟರಿನ ವೈರು ಹೋಗದಂತೆ ನೋಡಿಕೊಳ್ಳಿ.

ಈಗ ಮೀಟರಿನ ಒಂದು ಮೊನೆ ಡೈನಮೋದ ದಪ್ಪ ಪ್ಲಸ್ ಬೋಲ್ಟಿನ ಮೇಲೆ. ಇನ್ನೊಂದು ಬ್ಯಾಟರಿಯ ಪ್ಲಸ್ ತಲೆಯ ಮೇಲೆ. ಮೀಟರ್ ತೋರಿಸುವುದೇ ದಾರಿಯಲ್ಲಿ ಕಳೆದ ವೋಲ್ಟ್. 0.2ರ ಒಳಗಿದ್ದರೆ ಪರವಾಗಿಲ್ಲ. ಹಾಗೆಯೇ ಡೈನಮೋದ ಮೈ ಮತ್ತು ಬ್ಯಾಟರಿಯ ಮೈನಸ್ ತಲೆ. ಅಲ್ಲಿ 0.1ರ ಒಳಗಿರಬೇಕು.

ಮೈನಸ್ ಕಡೆ ಯಾರೂ ಅಳೆಯುವುದಿಲ್ಲ. ನಾನೇ ಒಮ್ಮೆ ಅಳೆಯದೆ ಎರಡು ದಿನ ಪ್ಲಸ್ ವೈರ್ ಎಳೆದು ಹೊಸದು ಹಾಕಿದ್ದೆ. ತಪ್ಪು ಇದ್ದದ್ದು ಡೈನಮೋ ಬ್ರಾಕೆಟ್ ಅಡಿಯ ಪೇಂಟಿನಲ್ಲಿ. ರಜೆಯಲ್ಲಿ ಎಂಜಿನ್‌ಗೆ ಚೆಂದಕ್ಕೆ ಬಳಿದ ಪೇಂಟು ಬ್ರಾಕೆಟ್ ಒಳಗೂ ಹೋಗಿತ್ತು. ಕೆರೆದು ಬೋಲ್ಟ್ ಬಿಗಿ ಮಾಡಿದ ಮೇಲೆ ಎಲ್ಲ ಸರಿಹೋಯಿತು.

ನಷ್ಟ ಜಾಸ್ತಿ ಬಂದರೆ ದಾರಿಯನ್ನು ತುಂಡು ಮಾಡಿ ಅಳೆಯಿರಿ. ಡೈನಮೋದಿಂದ ಸೆಲ್ಫ್ ಮೋಟರ್ ತನಕ, ಅಲ್ಲಿಂದ ಬ್ಯಾಟರಿ ಸ್ವಿಚ್ಚಿನ ತನಕ, ಸ್ವಿಚ್ಚಿನ ಈ ಬದಿಯಿಂದ ಆ ಬದಿ, ಅಲ್ಲಿಂದ ಬ್ಯಾಟರಿ. ಯಾವ ತುಂಡಿನಲ್ಲಿ ಅಂಕಿ ಹಾರುತ್ತದೋ ಅಲ್ಲಿ ತಪ್ಪು. ಹೆಚ್ಚಾಗಿ ಅದು ಹಸಿರು ಹಿಡಿದ ಲಗ್, ಇಲ್ಲವೇ ಒಳಗೆ ಕರಕಲಾದ ಸ್ವಿಚ್.

ವೈರಿನ ದಪ್ಪದ್ದೂ ಲೆಕ್ಕ ನೋಡಿ. ಡೈನಮೋದಿಂದ ಬ್ಯಾಟರಿಗೆ ಐದು ಮೀಟರ್ ಇದ್ದರೆ ಹೋಗಿಬರುವ ದಾರಿ ಹತ್ತು ಮೀಟರ್. 16 ಚದರ ಮಿಮೀ ತಾಮ್ರದಲ್ಲಿ 50 ಆಂಪ್ ಹರಿಸಿದರೆ 0.54 ವೋಲ್ಟ್ ಹೋಗುತ್ತದೆ. 35ರಲ್ಲಿ 0.25. 50ರಲ್ಲಿ 0.17. ಡೈನಮೋ 14.2 ಕೊಟ್ಟರೂ 16ರ ವೈರಿನ ಆಚೆ ಬ್ಯಾಟರಿಗೆ ಸಿಗುವುದು 13.7 ಕೂಡ ಇಲ್ಲ. ಬ್ಯಾಟರಿ ತುಂಬುತ್ತಾ ಕರೆಂಟ್ ಇಳಿದರೆ ಈ ನಷ್ಟವೂ ಇಳಿಯುತ್ತದೆ ನಿಜ. ಆದರೆ ಜಾಸ್ತಿ ತುಂಬಬೇಕಾದ ಹೊತ್ತಿನಲ್ಲೇ ಅದು ಕೈ ಕಟ್ಟುತ್ತದೆ.

ಹೊಸ ವೈರ್ ಹಾಕುವಾಗ ತವರ ಲೇಪಿಸಿದ ತಾಮ್ರ ಸಿಕ್ಕರೆ ಅದನ್ನೇ ಹಾಕಿ. ಉಪ್ಪುಗಾಳಿಗೆ ಬರೀ ತಾಮ್ರ ಒಳಗೊಳಗೇ ಕಪ್ಪಾಗುತ್ತದೆ. ಲಗ್ಗನ್ನು ಸುತ್ತಿಗೆಯಲ್ಲಿ ಜಜ್ಜಬೇಡಿ, ಕ್ರಿಂಪಿಂಗ್ ಇಕ್ಕಳ ಇರುವವರ ಹತ್ತಿರ ಒತ್ತಿಸಿ. ಫ್ಯೂಸ್ ಬ್ಯಾಟರಿಯ ಪ್ಲಸ್ ತಲೆಯಿಂದ ಒಂದು ಗೇಣಿನ ಒಳಗೆ ಇರಲಿ. ಅದು ಡೈನಮೋದ ಆಂಪಿಗಿಂತ ಕಾಲುಭಾಗ ಜಾಸ್ತಿ ಇರಬೇಕು, ವೈರ್ ತಾಳುವುದಕ್ಕಿಂತ ಕಡಿಮೆ ಇರಬೇಕು. ಸ್ಟೀಲ್ ಬೋಟಿನವರು ಬೋಟಿನ ಮೈಯನ್ನೇ ಮೈನಸ್ ವೈರ್ ಮಾಡಿಕೊಳ್ಳಬೇಡಿ. ಕರೆಂಟ್ ಕಬ್ಬಿಣದಲ್ಲಿ ಅಡ್ಡಾಡಿದರೆ ತಳ ತಿಂದುಹೋಗುತ್ತದೆ.

## ಹಂತ 5: ಸೆಲ್ಫ್ ಬ್ಯಾಟರಿ, ಲೈಟಿನ ಬ್ಯಾಟರಿ ಬೇರೆ ಮಾಡಿ

ಎರಡನ್ನೂ ಒಟ್ಟಿಗೆ ಕಟ್ಟಿದ್ದರೆ ರಾತ್ರಿ ಲೈಟು ಎರಡನ್ನೂ ಖಾಲಿ ಮಾಡುತ್ತದೆ. ಬೆಳಿಗ್ಗೆ ಕಡಲ ನಡುವೆ ಎಂಜಿನ್ ಏಳುವುದಿಲ್ಲ. ಬೇರೆ ಮಾಡಲು ಮೂರು ದಾರಿ ಇದೆ.

ಕೈಯಿಂದ ತಿರುಗಿಸುವ ಸ್ವಿಚ್ ಅಗ್ಗ, ಆದರೆ ತಿರುಗಿಸಲು ನೆನಪಿರಬೇಕು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಪೆಟ್ಟಿಗೆ ತಾನೇ ಕೆಲಸ ಮಾಡುತ್ತದೆ, ಆದರೆ 0.6-0.7 ವೋಲ್ಟ್ ತಿನ್ನುತ್ತದೆ. ನಾಲ್ಕನೇ ಹಂತದಲ್ಲಿ ಕಷ್ಟಪಟ್ಟು ಉಳಿಸಿದ್ದನ್ನು ಇಲ್ಲಿ ಕಳೆದ ಹಾಗೆ. ನನ್ನ ಆಯ್ಕೆ ವೋಲ್ಟೇಜ್ ನೋಡಿ ಕೂಡುವ ರಿಲೇ. ಎಂಜಿನ್ ಎದ್ದು ಸೆಲ್ಫ್ ಬ್ಯಾಟರಿ 13.3 ದಾಟಿದ ಮೇಲೆ ಅದು ಎರಡನ್ನೂ ಸೇರಿಸುತ್ತದೆ. ಎಂಜಿನ್ ನಿಂತು 12.8ಕ್ಕೆ ಇಳಿದಾಗ ಬಿಡಿಸುತ್ತದೆ. ಡೈನಮೋದ ಆಂಪಿಗಿಂತ ದೊಡ್ಡ ರಿಲೇ ತಗೊಳ್ಳಿ.

ಎಂಜಿನ್ ಓಡುವಾಗ ಬ್ಯಾಟರಿ ಸ್ವಿಚ್ಚನ್ನು ಎಂದಿಗೂ ಆಫ್ ಮಾಡಬೇಡಿ, ಬ್ಯಾಟರಿ ವೈರ್ ಬಿಚ್ಚಬೇಡಿ. ಕರೆಂಟಿಗೆ ಹೋಗಲು ದಾರಿ ಇಲ್ಲದೆ ವೋಲ್ಟೇಜ್ ಒಮ್ಮೆಲೇ ಮೇಲೆ ಹಾರುತ್ತದೆ. ಡೈನಮೋದ ಡಯೋಡ್ ಹೋಗುತ್ತದೆ, ಜೊತೆಗೆ ಜಿಪಿಎಸ್ಸೂ ಹೋಗಬಹುದು. ಡೈನಮೋ ಕೆಲಸ ಮಾಡುತ್ತದಾ ನೋಡಲು ವೈರ್ ಕೀಳುವ ಹಳೆಯ ಉಪಾಯ ಡೈನಮೋ ಕೊಲ್ಲುವ ಉಪಾಯ.

## ಹಂತ 6: ವೋಲ್ಟೇಜ್ ಎಷ್ಟಕ್ಕೆ ನಿಲ್ಲಬೇಕು

ನೀರು ಹಾಕುವ ಬ್ಯಾಟರಿಗೆ ಪುಸ್ತಕದ ಲೆಕ್ಕ 14.4ರಿಂದ 14.8. ಜೆಲ್ ಬ್ಯಾಟರಿಗೆ 14.1-14.2. ಎಜಿಎಂ ಆದರೆ ಅದರ ಮೇಲೆ ಬರೆದದ್ದನ್ನು ನೋಡಿ (ಜೆಲ್, ಎಜಿಎಂ ಎರಡೂ ನೀರು ಹಾಕದ ಮುಚ್ಚಿದ ಬ್ಯಾಟರಿಗಳು). ಇವೆಲ್ಲ 25 ಡಿಗ್ರಿಯ ಅಂಕಿಗಳು. 40 ಡಿಗ್ರಿಯ ಎಂಜಿನ್ ರೂಮಿನಲ್ಲಿ ಅದರಿಂದ ಸುಮಾರು 0.3 ವೋಲ್ಟ್ ಕಳೆಯಬೇಕು.

ದಿನಗಟ್ಟಲೆ ಎಂಜಿನ್ ನಿಲ್ಲಿಸದ ಟ್ರಾಲ್ ಬೋಟಿಗೆ ನಾನು 14.1ರ ಆಸುಪಾಸು ಇಡುತ್ತೇನೆ. ಜಾಸ್ತಿ ಇಟ್ಟರೆ ತುಂಬಿದ ಮೇಲೂ ಕುದಿಯುತ್ತಾ ನೀರು ಕುಡಿಯುತ್ತದೆ. ದಿನಕ್ಕೆ ಮೂರು ಗಂಟೆ ಓಡುವ ಬೋಟಿಗೆ 14.4 ಬೇಕು.

ಡೈನಮೋದಲ್ಲಿ ವೋಲ್ಟೇಜ್ ನೋಡುವ ಸಣ್ಣ ಸೆನ್ಸ್ ವೈರ್ ಪ್ರತ್ಯೇಕ ಇದ್ದರೆ ಅದನ್ನು ಬ್ಯಾಟರಿಯ ತಲೆಗೇ ತನ್ನಿ, ಸಣ್ಣ ಫ್ಯೂಸ್ ಹಾಕಿ. ಅದು ಡೈನಮೋ ಮೇಲೇ ಸುತ್ತಿಕೊಂಡಿದ್ದರೆ ದಾರಿಯ ನಷ್ಟ ವೋಲ್ಟೇಜ್ ಹಿಡಿದಿಡುವ ರೆಗ್ಯುಲೇಟರಿಗೆ ಗೊತ್ತೇ ಆಗುವುದಿಲ್ಲ. ಆದರೆ ಈ ವೈರ್ ತುಂಡಾದರೆ ಕೆಲವು ಡೈನಮೋ ವೋಲ್ಟೇಜ್ ಏರಿಸುತ್ತಾ ಹೋಗುತ್ತವೆ, ಹಾಗಾಗಿ ಗಟ್ಟಿಯಾಗಿ ಕಟ್ಟಿ.

## ಹಂತ 7: 24 ವೋಲ್ಟಿನವರು ಮಾಡುವ ಒಂದೇ ತಪ್ಪು

ಎರಡು 12 ವೋಲ್ಟ್ ಬ್ಯಾಟರಿ ಸಾಲಾಗಿ ಕಟ್ಟಿ 24 ಮಾಡಿರುತ್ತಾರೆ. ಜಿಪಿಎಸ್, ವೈರ್‌ಲೆಸ್, ಟೇಪ್‌ರೆಕಾರ್ಡರ್ 12 ವೋಲ್ಟಿನವು. ಸುಲಭ ಅಂತ ಒಂದು ಬ್ಯಾಟರಿಯಿಂದ ಮಾತ್ರ 12 ಎಳೆದುಕೊಳ್ಳುತ್ತಾರೆ. ಆ ಬ್ಯಾಟರಿ ದಿನಾ ಖಾಲಿ. ಡೈನಮೋಗೆ ಕಾಣುವುದು ಎರಡರ ಮೊತ್ತ ಮಾತ್ರ. 28.2 ಬಂದರೆ ಅದಕ್ಕೆ ಸಮಾಧಾನ. ಆದರೆ ಒಳಗೆ ಒಂದಕ್ಕೆ 13.2, ಇನ್ನೊಂದಕ್ಕೆ 15. ಒಂದು ಹಸಿವಿನಿಂದ ಸಾಯುತ್ತದೆ, ಇನ್ನೊಂದು ಕುದಿದು ಸಾಯುತ್ತದೆ.

ಎಂಜಿನ್ ಓಡುವಾಗ ಎರಡರ ವೋಲ್ಟೂ ಬೇರೆ ಬೇರೆ ಅಳೆಯಿರಿ. ವ್ಯತ್ಯಾಸ 0.3 ದಾಟಿದರೆ ನಿಮ್ಮದು ಇದೇ ಕತೆ. 24ರಿಂದ 12 ಮಾಡುವ ಕನ್ವರ್ಟರ್ ಹಾಕಿ, 12 ವೋಲ್ಟಿನ ಎಲ್ಲವನ್ನೂ ಅದಕ್ಕೆ ಬದಲಿಸಿ.

## ಹಂತ 8: ಕಡಲಲ್ಲಿ ಪರೀಕ್ಷೆ

ದಕ್ಕೆಯಲ್ಲಿ ಖಾಲಿ ಎಂಜಿನ್ ಓಡಿಸಿ ನೋಡಿದ್ದು ಲೆಕ್ಕಕ್ಕಿಲ್ಲ. ರಾತ್ರಿ ಲೈಟು ಉರಿಸಿದ ಮಾರನೇ ಬೆಳಿಗ್ಗೆ ಶುರು ಮಾಡಿ. ಅರ್ಧ ಗಂಟೆ, ಒಂದು, ಎರಡು, ನಾಲ್ಕು ಗಂಟೆಗೆ ಬ್ಯಾಟರಿ ತಲೆಯ ವೋಲ್ಟು, ಬ್ಯಾಟರಿಗೆ ಹೋಗುವ ಆಂಪು, ಡೈನಮೋದ ಶಾಖ ಬರೆಯಿರಿ.

ವೋಲ್ಟು ನಿಧಾನ ಏರಿ 14ರ ಮೇಲೆ ನಿಂತು ಆಂಪು ಇಳಿಯುತ್ತಾ ಬಂದರೆ ಆರೋಗ್ಯ ಚೆನ್ನಾಗಿದೆ. 180ರ ಬ್ಯಾಟರಿಗೆ ಕೊನೆಗೆ 2-4 ಆಂಪ್ ಮಾತ್ರ ಹೋಗುತ್ತಿದ್ದರೆ ತುಂಬಿತು.

ಎರಡೂ ಕಡಿಮೆ ಇದ್ದರೆ ಬೆಲ್ಟ್, ವೈರ್ ಅಥವಾ ಡೈನಮೋ. ಹತ್ತೇ ನಿಮಿಷದಲ್ಲಿ 14.4 ಮುಟ್ಟಿ ಆಂಪು ಬಿದ್ದುಹೋದರೆ ಖುಷಿಪಡಬೇಡಿ. ಅದು ತುಂಬಿದ್ದಲ್ಲ, ಬ್ಯಾಟರಿಯ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಹೊಟ್ಟೆ ಸಣ್ಣದಾಗಿದೆ. ಎಂಜಿನ್ ನಿಲ್ಲಿಸಿ ಲೈಟು ಹಾಕಿದರೆ ಅರ್ಧ ಗಂಟೆಯಲ್ಲಿ 12ಕ್ಕೆ ಇಳಿಯುತ್ತದೆ, ಅಲ್ವಾ? ಅದೇ ಗುರುತು.

ಮೀಟರನ್ನು ಎಸಿಗೆ ಹಾಕಿ ಬ್ಯಾಟರಿ ತಲೆಯ ಮೇಲೂ ಒಮ್ಮೆ ಇಡಿ. 0.5 ವೋಲ್ಟ್ ದಾಟಿದರೆ ಡೈನಮೋದ ಒಂದು ಡಯೋಡ್ ಹೋಗಿದೆ. ವೈರ್‌ಲೆಸ್ಸಿನಲ್ಲಿ ಎಂಜಿನ್ ಜೊತೆ ಏರಿಳಿಯುವ ಗುಂಯ್ ಸದ್ದಿಗೂ ಇದೇ ಕಾರಣ ಇರಬಹುದು.

## ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಕೊಳೆತ ಮೊಟ್ಟೆಯ ವಾಸನೆ. ಬ್ಯಾಟರಿಯ ಹೊಟ್ಟೆ ಉಬ್ಬುವುದು. ಬ್ಯಾಟರಿ 50 ಡಿಗ್ರಿ ದಾಟುವುದು, ಕೈ ಇಟ್ಟರೆ ಸಹಿಸಲಾಗದಷ್ಟು ಬಿಸಿ. ಡೈನಮೋದ ಮೈ 100 ಡಿಗ್ರಿ ದಾಟುವುದು ಅಥವಾ ವಾರ್ನಿಷ್ ಸುಟ್ಟ ವಾಸನೆ. ವೋಲ್ಟು 15 ದಾಟುವುದು. ಇವುಗಳಲ್ಲಿ ಯಾವುದೇ ಬಂದರೂ ಮೊದಲು ಎಂಜಿನ್ ನಿಲ್ಲಿಸಿ, ಆಮೇಲೆ ಸ್ವಿಚ್ ಆಫ್ ಮಾಡಿ. ಅಲೆ ಜಾಸ್ತಿ ಇದ್ದು ಎಂಜಿನ್ ನಿಲ್ಲಿಸಲಾಗದಿದ್ದರೆ ವೇಗ ಇಳಿಸಿ, ಎಲ್ಲ ಲೈಟು ಹಾಕಿ, ಡೈನಮೋಗೆ ಚೈತನ್ಯ ಕೊಡುವ ಸಣ್ಣ ವೈರ್ ಕಳಚಲು ಬರುವುದಾದರೆ ಕಳಚಿ. ದಪ್ಪ ವೈರ್ ಮುಟ್ಟಬೇಡಿ.

ಬ್ಯಾಟರಿ ಕುಳಿಗೆ ಸಮುದ್ರದ ನೀರು ಹೋದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಹೊರಗೆ ಬನ್ನಿ, ಗಾಳಿಯಾಡಲಿ. ಹಾಗಾಗಿ ಬ್ಯಾಟರಿ ಎಂಜಿನ್ ರೂಮಿನ ತಳದಲ್ಲಿ ಬೇಡ, ಎತ್ತರದಲ್ಲಿ ಪೆಟ್ಟಿಗೆ ಮಾಡಿ ಕಟ್ಟಿ.

## ಲಿಥಿಯಂ ಹಾಕುವವರಿಗೆ

ಹಳೆಯ ಡೈನಮೋಗೆ ನೇರ ಕಟ್ಟಬೇಡಿ. ಲಿಥಿಯಂ ಕೊಟ್ಟಷ್ಟೂ ಕುಡಿಯುತ್ತದೆ, ಡೈನಮೋ ಉಸಿರು ಬಿಡದೆ ದುಡಿದು ಸುಟ್ಟುಹೋಗುತ್ತದೆ. ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಒಮ್ಮೆಲೇ ಬಾಗಿಲು ಹಾಕಿದರೆ ಐದನೇ ಹಂತದಲ್ಲಿ ಹೇಳಿದ ಡಯೋಡ್ ಕತೆಯೇ ಆಗುತ್ತದೆ. ಡೈನಮೋ ಸೀಸದ ಸೆಲ್ಫ್ ಬ್ಯಾಟರಿಗೆ ಮಾತ್ರ ಕೊಡಲಿ. ಅಲ್ಲಿಂದ ಲಿಥಿಯಂಗೆ ಒಂದು ಡಿಸಿ-ಡಿಸಿ ಚಾರ್ಜರ್. ಬಿಸಿಯಾದ ಡೈನಮೋ ನಿಜವಾಗಿ ಕೊಡುವ ಆಂಪಿನ ಅರ್ಧದಷ್ಟರ ಚಾರ್ಜರ್ ಸಾಕು.

## ರಜೆಯ ಎರಡು ತಿಂಗಳು

ಜೂನ್ 1ರಿಂದ ಬೋಟು ನಿಂತರೆ ಬ್ಯಾಟರಿ ತಾನೇ ಇಳಿಯುತ್ತಾ ಹೋಗುತ್ತದೆ. ನೀರು ಹಾಕುವ ಬ್ಯಾಟರಿಯಾದರೆ ತಿಂಗಳಿಗೆ ಶೇಕಡಾ 5ರ ಆಸುಪಾಸು, ಸೆಕೆಗೆ ಇನ್ನೂ ಜಾಸ್ತಿ. ಅರ್ಧ ಚಾರ್ಜಿನಲ್ಲಿ ಬಿಟ್ಟು ಹೋದದ್ದು ಆಗಸ್ಟಿನಲ್ಲಿ ಸಲ್ಫೇಟ್ ಕಟ್ಟಿ ಕೂತಿರುತ್ತದೆ.

ಬೋಟ್ ಕಟ್ಟುವ ದಿನವೇ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ತಲೆಗಳನ್ನು ಸೋಡಾ ನೀರಿನಲ್ಲಿ ಒರೆಸಿ. ಸೋಡಾ ನೀರು ಕುಳಿಯೊಳಗೆ ಹೋಗದಂತೆ ಮುಚ್ಚಳ ಬಿಗಿ ಇರಲಿ. ಮನೆಗೆ ತಂದು ಪೂರ್ತಿ ಚಾರ್ಜ್ ಮಾಡಿ, ನೀರಿನ ಮಟ್ಟ ನೋಡಿ, ವ್ಯಾಸಲೀನ್ ಹಚ್ಚಿ ಇಡಿ. ಜೂನ್ ಕೊನೆಗೆ ಒಮ್ಮೆ, ಜುಲೈ 15ಕ್ಕೆ ಒಮ್ಮೆ ಅಳೆಯಿರಿ. 12.4ಕ್ಕಿಂತ ಇಳಿದಿದ್ದರೆ ಮತ್ತೆ ಒಂದು ರಾತ್ರಿ ಚಾರ್ಜರ್ ಹಾಕಿ. ಬೋಟಿಗೆ ವಾಪಸ್ ಕಟ್ಟುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್.